ಸಾಲ ಮಾಡಿ ಬಾಡಿಗೆ ಮನೆ ತಗೊಂಡ್ರೆ ತೆರಿಗೆ ಉಳಿಯುತ್ತಾ? ಗದಗಿನ ಓದುಗರಿಗೆ ಉತ್ತರ

ಓದುಗರ ಪ್ರಶ್ನೆ: ನಾನು ಗದಗಿನವನು, ವಯಸ್ಸು 43, ಕಾಲೇಜಿನಲ್ಲಿ ಉಪನ್ಯಾಸಕ. ವರ್ಷದ ಸಂಬಳ 15 ಲಕ್ಷ. ಬೆಟಗೇರಿಯಲ್ಲಿ ಸ್ವಂತ ಮನೆ ಇದೆ, ಅದರ ಮೇಲೆ ಸಾಲ ಇಲ್ಲ. ಪಿಎಫ್, ಎಲ್‌ಐಸಿ ಸೇರಿ 80ಸಿ (ಉಳಿತಾಯಕ್ಕೆ ತೆರಿಗೆ ಕಡಿತ ಕೊಡುವ ಕಲಮು) ಅಡಿ 1.5 ಲಕ್ಷ ಆಗಲೇ ತುಂಬುತ್ತದೆ, ಆರೋಗ್ಯ ವಿಮೆಗೆ 25 ಸಾವಿರ ಕಟ್ಟುತ್ತೇನೆ. ಹುಬ್ಬಳ್ಳಿಯ ಉಣಕಲ್ ಕಡೆ ಕಟ್ಟಿ ಮುಗಿದ ಹೊಸ 2 ಬಿಎಚ್‌ಕೆ ಫ್ಲ್ಯಾಟ್ ನೋಡಿ ಬಂದಿದ್ದೇನೆ. ಬೆಲೆ 52 ಲಕ್ಷ. ಕೈಯಲ್ಲಿ 18 ಲಕ್ಷ ಇದೆ, 38 ಲಕ್ಷ ಸಾಲ ಮಾಡಬೇಕು, ಶೇ. 8.5 ಬಡ್ಡಿ, 20 ವರ್ಷ. ಬಾಡಿಗೆ 15 ಸಾವಿರ ಬರುತ್ತದೆ ಅಂತ ಬ್ರೋಕರ್ ಹೇಳಿದ್ದಾರೆ. "ಸಾಲದ ಬಡ್ಡಿ ಪೂರ್ತಿ ಸಂಬಳದಿಂದ ಕಳೆಯುತ್ತಾರೆ, ತೆರಿಗೆ ಉಳಿದದ್ದರಲ್ಲೇ ಕಂತು ಹೋಗುತ್ತದೆ" ಅಂತ ಸಹೋದ್ಯೋಗಿಯೊಬ್ಬರ ಮಾತು. ಇನ್ನೊಬ್ಬರು ಹೆಂಡತಿ ಹೆಸರಲ್ಲಿ ಖರೀದಿ ಮಾಡಿದರೆ ಬಾಡಿಗೆಗೆ ತೆರಿಗೆನೇ ಇಲ್ಲ ಅಂತಾರೆ. ಮಾರುವವರು 12 ಲಕ್ಷ ನಗದು ಕೊಡಿ, 40 ಲಕ್ಷಕ್ಕೆ ಖರೀದಿ ಪತ್ರ ಮಾಡೋಣ ಅಂತಿದ್ದಾರೆ. ನನ್ನ ಹೆಂಡತಿಗೆ ಇದ್ಯಾವುದೂ ಮನಸ್ಸಿಗಿಲ್ಲ, ಇರುವ ಮನೆ ಮೇಲೆ ಇನ್ನೊಂದು ಮನೆ ಕಟ್ಟಿಸಿ ಬಾಡಿಗೆಗೆ ಕೊಡೋಣ ಅಂತಾಳೆ. ಗೌಂಡಿ 17 ಲಕ್ಷ ಹೇಳಿದ್ದಾನೆ, 8 ಸಾವಿರ ಬಾಡಿಗೆ ಬರಬಹುದು. ತೆರಿಗೆ ಲೆಕ್ಕದಲ್ಲಿ ಯಾವುದು ಸರಿ?

ಉತ್ತರ: ಸರ್, ನೀವು ಕೇಳಿದ್ದು ನಾಲ್ಕೈದು ಪ್ರಶ್ನೆ. ಆದರೆ ನಿಮ್ಮ ಮನಸ್ಸಿನಲ್ಲಿರುವುದು ಒಂದೇ ಚಿಂತೆ ಅಂತ ನನಗನಿಸುತ್ತದೆ. ಫ್ಲ್ಯಾಟಿನ ಬಾಡಿಗೆಯಿಂದ ಕಂತು ಕಟ್ಟೋಕಾಗಲ್ಲ ಅಂತ ನಿಮಗೇ ಗೊತ್ತಿದೆ, ಆ ಕೊರತೆಯನ್ನು ತೆರಿಗೆ ಉಳಿತಾಯ ತುಂಬಿಕೊಡುತ್ತಾ ಅನ್ನೋದು ಪ್ರಶ್ನೆ. ನಿಮ್ಮ ಅಂಕಿಗಳನ್ನೇ ಇಟ್ಟು ಲೆಕ್ಕ ಹಾಕಿದೆ. ತುಂಬಿಕೊಡುವುದಿಲ್ಲ. ಹತ್ತಿರಕ್ಕೂ ಬರುವುದಿಲ್ಲ.

ನಿಮ್ಮ ಸಹೋದ್ಯೋಗಿ ಸುಳ್ಳು ಹೇಳಿದ್ದಾರೆ ಅಂತಲ್ಲ. ಅವರು ಹೇಳುತ್ತಿರುವುದು ಹಳೆ ಕಾಲದ ನಿಯಮ. 2016-17ರ ತನಕ ಬಾಡಿಗೆಗೆ ಕೊಟ್ಟ ಮನೆಯ ಸಾಲದ ಬಡ್ಡಿಯಿಂದ ಎಷ್ಟು ನಷ್ಟ ಬಂದರೂ ಅಷ್ಟನ್ನೂ ಸಂಬಳದಿಂದ ಕಳೆಯಬಹುದಿತ್ತು, ಮಿತಿಯೇ ಇರಲಿಲ್ಲ. ಆಗ ಶೇ. 30ರ ಸ್ಲ್ಯಾಬಿನಲ್ಲಿದ್ದವರು ಸಾಲ ಮಾಡಿ ಎರಡನೇ ಮನೆ, ಮೂರನೇ ಮನೆ ತಗೊಂಡರು, ಅದರಲ್ಲಿ ಅರ್ಥವೂ ಇತ್ತು. 2017-18ರಿಂದ ವರ್ಷಕ್ಕೆ 2 ಲಕ್ಷ ಮಾತ್ರ ಅಂತ ಮಿತಿ ಬಂತು, ಉಳಿದ ನಷ್ಟವನ್ನು ಮುಂದಿನ 8 ವರ್ಷ ಮನೆ ಬಾಡಿಗೆ ಆದಾಯದಲ್ಲಿ ಮಾತ್ರ ಕಳೆದುಕೊಳ್ಳಬೇಕು. ಆಮೇಲೆ ದರ ಕಡಿಮೆ, ಆದರೆ ಬಹುತೇಕ ಕಡಿತಗಳಿಲ್ಲದ ಹೊಸ ತೆರಿಗೆ ಪದ್ಧತಿ ಬಂತು, 2023-24ರಿಂದ ನೀವು ಬೇಡ ಅನ್ನದ ಹೊರತು ಅದೇ ಅನ್ವಯ. ಆ ಹೊಸ ಪದ್ಧತಿಯಲ್ಲಿ ಮನೆಯ ನಷ್ಟವನ್ನು ಸಂಬಳದಿಂದ ಒಂದು ರೂಪಾಯಿಯೂ ಕಳೆಯುವಂತಿಲ್ಲ. ಹೀಗೆ ನಿಯಮ ಎರಡು ಸಲ ಬದಲಾದರೂ ಸ್ಟಾಫ್ ರೂಮಿನ ಮಾತು ಬದಲಾಗಿಲ್ಲ.

ಈಗ ನಿಮ್ಮ ಲೆಕ್ಕ. 38 ಲಕ್ಷಕ್ಕೆ ತಿಂಗಳ ಕಂತು ಸುಮಾರು 33 ಸಾವಿರ. ಮೊದಲ ವರ್ಷ ಕಟ್ಟುವ 3.96 ಲಕ್ಷದಲ್ಲಿ ಬಡ್ಡಿಯೇ 3.2 ಲಕ್ಷದ ಹತ್ತಿರ, ಅಸಲು ಬರೀ 75 ಸಾವಿರದಷ್ಟು. ಬಾಡಿಗೆ ವರ್ಷಕ್ಕೆ 1.8 ಲಕ್ಷ. ಅದರಲ್ಲಿ ನೀವು ಪಾಲಿಕೆಗೆ ಕಟ್ಟಿದ ಆಸ್ತಿ ತೆರಿಗೆ ಕಳೆಯಬೇಕು, 6 ಸಾವಿರ ಅಂದುಕೊಳ್ಳೋಣ. ಉಳಿದ 1,74,000ಕ್ಕೆ ಶೇ. 30 ಕಡಿತ ಸಿಗುತ್ತದೆ, ಅಂದರೆ 52,200. ಉಳಿದದ್ದು 1,21,800. ಇದರಿಂದ ಬಡ್ಡಿ 3.2 ಲಕ್ಷ ಕಳೆದರೆ 1,98,200 ನಷ್ಟ.

ಹಳೆ ಪದ್ಧತಿಯಲ್ಲಿ ಈ 1.98 ಲಕ್ಷವನ್ನು ಸಂಬಳದಿಂದ ಕಳೆಯಬಹುದು. ಮನೆ ಇಲ್ಲದೆ ನಿಮ್ಮ ತೆರಿಗೆಯ ಆದಾಯ, ಸಂಬಳದವರಿಗೆಲ್ಲ ಸಿಗುವ 50 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್, 80ಸಿ, ವಿಮೆ ಎಲ್ಲ ಕಳೆದು 12,75,000. ತೆರಿಗೆ ಸೆಸ್ ಸೇರಿ 2,02,800. ಮನೆಯ ನಷ್ಟ ಸೇರಿಸಿದರೆ ತೆರಿಗೆ 1,40,960ರ ಆಸುಪಾಸು ಇಳಿಯುತ್ತದೆ. ನೋಡಿ, 62 ಸಾವಿರ ಉಳಿಯಿತು! ಸಹೋದ್ಯೋಗಿ ತೋರಿಸಿದ್ದು ಇದೇ ಲೆಕ್ಕ ಇರಬೇಕು.

ಆದರೆ ಹೊಸ ಪದ್ಧತಿಯಲ್ಲಿ ನೀವು ಏನೂ ಮಾಡದೆ ಸುಮ್ನೆ ಕೂತರೂ ಕಟ್ಟಬೇಕಾದ್ದು ಎಷ್ಟು? 2025-26ರ ಸ್ಲ್ಯಾಬ್ ಪ್ರಕಾರ 15 ಲಕ್ಷದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75 ಸಾವಿರ ಕಳೆದು 14,25,000ಕ್ಕೆ 93,750, ಸೆಸ್ ಸೇರಿ 97,500. ಅಂದರೆ 52 ಲಕ್ಷದ ಮನೆ ಖರೀದಿ ಮಾಡಿ, 38 ಲಕ್ಷ ಸಾಲ ಮಾಡಿ, ಹಳೆ ಪದ್ಧತಿಗೆ ಹೋದರೆ ನೀವು ಕಟ್ಟುವ ತೆರಿಗೆ 43 ಸಾವಿರ ಜಾಸ್ತಿ. ಆ 62 ಸಾವಿರದ ಉಳಿತಾಯ ನಿಮಗೆ ಬೇಡವಾದ ಪದ್ಧತಿಯೊಳಗಿನ ಉಳಿತಾಯ. ನಿಮ್ಮ ಸಂಬಳಕ್ಕೆ ಹಳೆ ಪದ್ಧತಿ ಲಾಭ ಆಗಬೇಕಾದರೆ ಎಲ್ಲ ಕಡಿತ ಸೇರಿ 5.94 ಲಕ್ಷ ದಾಟಬೇಕು. ಈ ಫ್ಲ್ಯಾಟಿನ ನಷ್ಟವನ್ನೂ ಹಿಡಿದು ನಿಮ್ಮದು 4.23 ಲಕ್ಷ. ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಕಡಿತ ಜೋರಾಗಿ ಸಿಗುವವರಿಗೆ ಈ ಗಡಿ ದಾಟುತ್ತದೆ, ನೀವು ಸ್ವಂತ ಮನೆಯಲ್ಲಿದ್ದೀರಿ, ಹಾಗಾಗಿ ಇಲ್ಲ. ಸಂಬಳದವರು ಪ್ರತಿ ವರ್ಷ ರಿಟರ್ನ್ ಹಾಕುವಾಗ ಪದ್ಧತಿ ಬದಲಿಸಬಹುದು ಅನ್ನೋದು ನಿಜ, ಆದರೆ ಬದಲಿಸುವುದಕ್ಕೆ ಕಾರಣ ಬೇಕಲ್ಲ.

ಹಾಗಾದರೆ ಹೊಸ ಪದ್ಧತಿಯಲ್ಲಿ ಬಡ್ಡಿಗೆ ಬೆಲೆನೇ ಇಲ್ವಾ? ಇದೆ, ಸ್ವಲ್ಪ. ಬಾಡಿಗೆ ಆದಾಯ ಸೊನ್ನೆಗೆ ಇಳಿಯುವ ತನಕ ಬಡ್ಡಿ ಕಳೆಯಬಹುದು. ಅಂದರೆ ನಿಮ್ಮ 1,21,800ಕ್ಕೆ ತೆರಿಗೆ ಬೀಳುವುದಿಲ್ಲ. ಸಾಲವೇ ಇಲ್ಲದೆ ತಗೊಂಡಿದ್ದರೆ ಅದಕ್ಕೆ ನಿಮ್ಮ ಶೇ. 15ರ ಸ್ಲ್ಯಾಬಿನಲ್ಲಿ 19 ಸಾವಿರ ತೆರಿಗೆ ಬರುತ್ತಿತ್ತು. ಆದ್ದರಿಂದ 3.2 ಲಕ್ಷ ಬಡ್ಡಿ ಕಟ್ಟಿ ಉಳಿಸುವುದು 19 ಸಾವಿರ. ಇನ್ನೂ ಬಿಡಿಸಿ ಹೇಳಬೇಕೆಂದರೆ, ಮೊದಲ 14-15 ಲಕ್ಷ ಸಾಲದ ಬಡ್ಡಿ ಮಾತ್ರ ತೆರಿಗೆಯಲ್ಲಿ ಕೆಲಸ ಮಾಡುತ್ತದೆ, ಅದರ ಮೇಲಿನ 23 ಲಕ್ಷದ ಬಡ್ಡಿ ಪೂರ್ತಿ ನಿಮ್ಮ ಜೇಬಿನದು. ಸಾಲ ಜಾಸ್ತಿ ಆದಷ್ಟೂ ತೆರಿಗೆ ಲಾಭ ಜಾಸ್ತಿ ಅನ್ನುವ ಮಾತು ನಿಮ್ಮ ವಿಷಯದಲ್ಲಿ ತಲೆಕೆಳಗು.

ಶೇ. 30 ಕಡಿತದ ಬಗ್ಗೆ ಒಂದು ಮಾತು, ಯಾಕೆಂದರೆ ಇದರಲ್ಲಿ ಬಹಳ ಜನ ತಪ್ಪು ತಿಳಿದಿದ್ದಾರೆ. ಬಣ್ಣ ಹೊಡೆಸಿದ ಬಿಲ್, ಪ್ಲಂಬರ್ ಬಿಲ್, ಬ್ರೋಕರ್ ಕಮಿಷನ್, ಸೊಸೈಟಿ ಮೇಂಟೆನೆನ್ಸ್ ರಸೀದಿ ಎಲ್ಲ ಫೈಲಿನಲ್ಲಿ ಹಿಡಿದುಕೊಂಡು ಬರುತ್ತಾರೆ. ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಆ ಖರ್ಚಿಗೆಲ್ಲ ಸೇರಿಯೇ ಶೇ. 30 ಕೊಟ್ಟಿದ್ದಾರೆ. ನೀವು ಒಂದು ಮೊಳೆ ಹೊಡೆಸದಿದ್ದರೂ ಅದು ಸಿಗುತ್ತದೆ, ಎರಡು ಲಕ್ಷ ರಿಪೇರಿಗೆ ಹೋದರೂ ಅಷ್ಟೇ ಸಿಗುತ್ತದೆ. ಆಸ್ತಿ ತೆರಿಗೆಯೂ ಅಷ್ಟೇ, ನೀವೇ ಕಟ್ಟಿರಬೇಕು, ಆ ಹಣಕಾಸು ವರ್ಷದೊಳಗೆ ಕಟ್ಟಿರಬೇಕು. ಬಾಡಿಗೆದಾರ ಕಟ್ಟಿದರೆ ನಿಮಗೆ ಕಡಿತ ಇಲ್ಲ. ಏಪ್ರಿಲ್ ತಿಂಗಳೊಳಗೆ ಕಟ್ಟಿದರೆ ಶೇ. 5 ರಿಯಾಯಿತಿ ಸಿಗುತ್ತದೆ, ಅದನ್ನು ಬಿಡಬೇಡಿ.

ಒಟ್ಟಿನಲ್ಲಿ ಬಾಡಿಗೆ ಆದಾಯದ ಮೇಲೆ ನಮ್ಮಲ್ಲಿ ತೆರಿಗೆ ಹಗುರವೇ. ಬ್ಯಾಂಕಿನ ಎಫ್‌ಡಿ ಬಡ್ಡಿಗೆ ಪೂರ್ತಿ ತೆರಿಗೆ, ಬಾಡಿಗೆಗೆ ಎಪ್ಪತ್ತು ಭಾಗಕ್ಕೆ ಮಾತ್ರ. ಹಾಗಾಗಿ ತೆರಿಗೆಗೆ ಹೆದರಿ ಬಾಡಿಗೆ ಮನೆ ಬಿಡುವುದೂ ಬೇಡ, ತೆರಿಗೆ ಆಸೆಗೆ ತಗೊಳ್ಳುವುದೂ ಬೇಡ. ನಿಮ್ಮ ಫ್ಲ್ಯಾಟಿನ ತೊಂದರೆ ಬೇರೆ ಕಡೆ ಇದೆ. 52 ಲಕ್ಷಕ್ಕೆ 1.8 ಲಕ್ಷ ಬಾಡಿಗೆ ಅಂದರೆ ಶೇ. 3.5ಕ್ಕಿಂತ ಸ್ವಲ್ಪ ಕಡಿಮೆ, ಸಾಲದ ಬಡ್ಡಿ ಶೇ. 8.5. ಪ್ರತಿ ತಿಂಗಳು 18 ಸಾವಿರಕ್ಕಿಂತ ಜಾಸ್ತಿ ಸಂಬಳದಿಂದ ಹಾಕಬೇಕು, ಅದೂ ಬಾಡಿಗೆದಾರ ಇದ್ದಾಗ. ಒಬ್ಬ ಬಿಟ್ಟು ಇನ್ನೊಬ್ಬ ಬರುವ ನಡುವೆ ಒಂದೆರಡು ತಿಂಗಳು ಖಾಲಿ ಬಿದ್ದರೆ ಕಂತು ಪೂರ್ತಿ ನಿಮ್ಮ ಮೇಲೆ. ಖಾಲಿ ಇದ್ದ ತಿಂಗಳ ಬಾಡಿಗೆಗೆ ತೆರಿಗೆ ಇಲ್ಲ ಅನ್ನೋದಷ್ಟೇ ಸಮಾಧಾನ.

ನೋಂದಣಿ ಖರ್ಚನ್ನು ನೀವು ಲೆಕ್ಕಕ್ಕೆ ಹಿಡಿದಿದ್ದೀರೋ ಇಲ್ಲವೋ ಪತ್ರದಲ್ಲಿ ಗೊತ್ತಾಗಲಿಲ್ಲ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ. 5.6. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಒಟ್ಟು ಶೇ. 7.6, ನಿಮ್ಮ ಫ್ಲ್ಯಾಟಿಗೆ 3.95 ಲಕ್ಷ. ಸಾಲ ಬಿಟ್ಟು ನೀವು ಕೈಯಿಂದ ಹಾಕುವ ಮಾರ್ಜಿನ್ 14 ಲಕ್ಷ, ನೋಂದಣಿ 3.95 ಲಕ್ಷ, ಕೈಯಲ್ಲಿರುವ 18 ಲಕ್ಷ ಅಲ್ಲಿಗೆ ಖಲಾಸ್. ಫ್ಯಾನ್, ಕಿಚನ್ ಟ್ರಾಲಿ, ಗ್ರಿಲ್, ಯಾವುದಕ್ಕೂ ದುಡ್ಡಿಲ್ಲ. 43ನೇ ವಯಸ್ಸಿನಲ್ಲಿ, ಮಕ್ಕಳ ಓದು ಇರುವಾಗ, ಕೈ ಹೀಗೆ ಬರಿದು ಮಾಡಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಇದು ತೆರಿಗೆ ಸಲಹೆ ಅಲ್ಲ, ಆದರೂ ಹೇಳಿದೆ.

ಇನ್ನು ನಗದಿನ ವಿಷಯ. ಮಾರುವವರು 40 ಲಕ್ಷಕ್ಕೆ ಪತ್ರ ಮಾಡೋಣ ಅಂದಾಗ ನಿಮಗೂ ಆಸೆ ತೋರಿಸಿರುತ್ತಾರೆ. ಮೊದಲ ಸಲ ನೋಂದಣಿ ಆಗುವ ಫ್ಲ್ಯಾಟಿಗೆ 45 ಲಕ್ಷದವರೆಗೆ ಮುದ್ರಾಂಕ ಶುಲ್ಕ ಶೇ. 3 ಮಾತ್ರ, ಹಾಗಾಗಿ ನಿಮಗೆ 1.8 ಲಕ್ಷದ ಹತ್ತಿರ ಉಳಿದಂತೆ ಕಾಣುತ್ತದೆ. 50 ಲಕ್ಷ ಮುಟ್ಟಿದರೆ ಖರೀದಿದಾರ ಮಾರುವವರಿಗೆ ಕೊಡುವ ಹಣದಲ್ಲೇ ಶೇ. 1 ತೆರಿಗೆ (ಟಿಡಿಎಸ್) ಹಿಡಿದು ಕಟ್ಟಬೇಕು, ಆ ಕಿರಿಕಿರಿಯೂ ತಪ್ಪುತ್ತದೆ. ಆದರೆ ನಿಮಗೆ ಬೇಕಾದಷ್ಟು ಸಾಲವೇ ಸಿಗುವುದಿಲ್ಲವಲ್ಲ! 30ರಿಂದ 75 ಲಕ್ಷದೊಳಗಿನ ಮನೆ ಸಾಲಕ್ಕೆ ಆಸ್ತಿ ಬೆಲೆಯ ಶೇ. 80ರ ತನಕ ಮಾತ್ರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಪತ್ರದಲ್ಲಿ 40 ಲಕ್ಷ ಇದ್ದರೆ ಬ್ಯಾಂಕು ಕೊಡುವುದು ಹೆಚ್ಚೆಂದರೆ 32 ಲಕ್ಷ. ಉಳಿದ 20 ಲಕ್ಷ ನೀವು ಎಲ್ಲಿಂದ ತರುತ್ತೀರಿ, ಅದರಲ್ಲಿ 12 ಲಕ್ಷ ಬ್ಯಾಂಕಿನಿಂದ ನಗದು ತೆಗೆದು? ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಮುಂಗಡ ನಗದಾಗಿ ತಗೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ದೊಡ್ಡ ಮೊತ್ತದ ಖರೀದಿಯ ವಿವರ ಸಬ್ ರಜಿಸ್ಟ್ರಾರ್ ಕಚೇರಿಯಿಂದ ಆದಾಯ ತೆರಿಗೆ ಇಲಾಖೆಗೆ ಹೋಗುತ್ತದೆ, ಇಲಾಖೆ ಇಡುವ ನಿಮ್ಮ ವ್ಯವಹಾರಗಳ ವಾರ್ಷಿಕ ಪಟ್ಟಿಯಲ್ಲಿ (ಎಐಎಸ್) ಕಾಣುತ್ತದೆ. ಬಿಲ್ಡರ್ ಕಡೆ ಯಾವತ್ತೋ ತಪಾಸಣೆ ಆಗಿ ಅವರ ಡೈರಿಯಲ್ಲಿ ನಿಮ್ಮ ಫ್ಲ್ಯಾಟ್ ನಂಬರಿನ ಮುಂದೆ 12 ಅಂತ ಬರೆದಿದ್ದರೆ, ಆ ನೋಟಿಸಿಗೆ ಉತ್ತರ ಕೊಡಬೇಕಾದವರು ನೀವು.

ಇದೆಲ್ಲ ಆಗಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಮುಂದೆ ಮಾರುವಾಗ ನಿಮ್ಮ ಖರೀದಿ ಬೆಲೆ 52 ಅಲ್ಲ, 40. ಆ 12 ಲಕ್ಷವೂ ಲಾಭ ಅಂತ ಲೆಕ್ಕ ಆಗಿ 1.56 ಲಕ್ಷ ತೆರಿಗೆ ಜಾಸ್ತಿ. ಇವತ್ತು ಉಳಿಸಿದ್ದನ್ನು ಅವತ್ತು ಕೊಟ್ಟಂತಾಯಿತು. ಉಳಿತಾಯ ಮಾಡಿದ್ದು ಮಾರುವವರು, ನೀವಲ್ಲ.

ಹೆಂಡತಿ ಹೆಸರು. ಮನೆ ಅವರ ಹೆಸರಿನಲ್ಲಿ ಬೇಕಾದರೆ ಮಾಡಿ, ಅದು ನಿಮ್ಮಿಬ್ಬರ ವಿಷಯ, ಒಳ್ಳೆಯದೇ. ಆದರೆ ದುಡ್ಡು ನಿಮ್ಮದಾಗಿದ್ದರೆ ಬಾಡಿಗೆ ನಿಮ್ಮ ಆದಾಯಕ್ಕೇ ಸೇರುತ್ತದೆ. ಹೆಂಡತಿಗೆ ಸರಿಯಾದ ಬೆಲೆ ಪಡೆಯದೆ ಮನೆ ಕೊಟ್ಟರೆ ಕಾನೂನಿನ ಕಣ್ಣಿನಲ್ಲಿ ಗಂಡನೇ ಮಾಲೀಕ. ದುಡ್ಡು ಕೊಟ್ಟು ಅವರಿಂದ ಖರೀದಿ ಮಾಡಿಸಿದರೂ ಆದಾಯ ಕೂಡಿಸುವ ನಿಯಮ ಇದ್ದೇ ಇದೆ. ಅವರದೇ ಸಂಪಾದನೆ, ತವರಿನಿಂದ ಬಂದ ಹಣ, ಮಾರಿದ ಚಿನ್ನ ಇದ್ದರೆ ಮಾತು ಬೇರೆ. ಆಗ ಅವರ ಪಾಲಿನ ದುಡ್ಡು ಬ್ಯಾಂಕಿನ ಮೂಲಕ ಹೋಗಲಿ, ಖರೀದಿ ಪತ್ರದಲ್ಲಿ ಯಾರ ಪಾಲು ಎಷ್ಟು ಅಂತ ಬರೆಸಿ, ಬಾಡಿಗೆಯೂ ಅದೇ ಪ್ರಮಾಣದಲ್ಲಿ ಇಬ್ಬರಿಗೂ ಹಂಚಿಹೋಗುತ್ತದೆ.

ಕೆಲವರು ತಾಯಿ ಹೆಸರು ಅಂತ ಕೇಳುತ್ತಾರೆ. ತಾಯಿಗೆ ಕೊಟ್ಟ ಹಣಕ್ಕೆ ಕೂಡಿಸುವ ನಿಯಮ ಇಲ್ಲ, ಬಾಡಿಗೆ ಅವರ ಆದಾಯವೇ ಆಗುತ್ತದೆ, ತೆರಿಗೆಯೂ ಬಹುಶಃ ಬರುವುದಿಲ್ಲ. ಆದರೆ ವಯಸ್ಸಾದವರಿಗೆ 20 ವರ್ಷದ ಸಾಲ ಸಿಗುವುದಿಲ್ಲ, ನೀವು ಕಂತು ಕಟ್ಟಿದರೂ ಮನೆ ನಿಮ್ಮದಲ್ಲದ ಕಾರಣ ಬಡ್ಡಿ ಕಡಿತ ನಿಮಗಿಲ್ಲ, ಮತ್ತು ಅವರ ನಂತರ ಅಕ್ಕ-ತಂಗಿ, ಅಣ್ಣ-ತಮ್ಮ ಎಲ್ಲರಿಗೂ ಆ ಮನೆಯಲ್ಲಿ ಪಾಲು. ವರ್ಷಕ್ಕೆ 19 ಸಾವಿರ ಉಳಿಸಲು ಹೋಗಿ ಧಾರವಾಡದ ಕೋರ್ಟ್ ಮೆಟ್ಟಿಲು ಹತ್ತಿದ ಮನೆತನಗಳನ್ನು ನಾನು ನೋಡಿದ್ದೇನೆ.

ಬಾಡಿಗೆ ನಗದಾಗಿ ತಗೊಂಡರೆ ಗೊತ್ತಾಗಲ್ಲ ಅಂತ ನೀವು ಕೇಳಿಲ್ಲ, ಆದರೆ ಬ್ರೋಕರ್ ಹೇಳೇ ಹೇಳುತ್ತಾರೆ. ಹುಬ್ಬಳ್ಳಿಯಲ್ಲಿ ನಿಮಗೆ ಸಿಗುವ ಬಾಡಿಗೆದಾರ ಬಹುಮಟ್ಟಿಗೆ ರೈಲ್ವೆಯವರು, ಬ್ಯಾಂಕಿನವರು, ಕಾಲೇಜಿನವರು. ಹಳೆ ಪದ್ಧತಿಯಲ್ಲಿದ್ದು ಎಚ್‌ಆರ್‌ಎ ಕೇಳುವವರು ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಕೊಡಲೇಬೇಕು. 15 ಸಾವಿರ ಅಂದರೆ 1.8 ಲಕ್ಷ. ನಿಮ್ಮ ಪ್ಯಾನ್ ಅಲ್ಲಿ ಹೋಗಿರುತ್ತದೆ. ಅದೂ ಅಲ್ಲದೆ ಸಾಲ ಇದ್ದಾಗ ನಿಮ್ಮ ಬಾಡಿಗೆಗೆ ತೆರಿಗೆಯೇ ಸೊನ್ನೆ, ಮುಚ್ಚಿಡುವುದು ಯಾಕೆ?

ಹಾಗೇ "ಲೀಸ್" ಅಂತ ಒಂದಿದೆ. ಆರೇಳು ಲಕ್ಷ ಡಿಪಾಸಿಟ್ ತಗೊಂಡು ಬಾಡಿಗೆ ಬೇಡ ಅನ್ನುವುದು. ಡಿಪಾಸಿಟ್ ಆದಾಯ ಅಲ್ಲ, ನಿಜ. ಆದರೆ ಆ ಮನೆಗೆ ಸಾಮಾನ್ಯವಾಗಿ ಎಷ್ಟು ಬಾಡಿಗೆ ಬರುತ್ತಿತ್ತೋ ಅಷ್ಟನ್ನು ಆದಾಯ ಅಂತ ಹಿಡಿಯಲು ಕಾನೂನಿನಲ್ಲಿ ಅವಕಾಶ ಇದೆ. ಲೀಸ್ ಅಂದರೆ ತೆರಿಗೆ ಇಲ್ಲ ಅನ್ನೋದು ತಪ್ಪು.

ಮಾರುವಾಗ ಏನಾಗುತ್ತದೆ ಅಂತ ನೋಡೋಣ, ಯಾಕೆಂದರೆ ಈ ಫ್ಲ್ಯಾಟಿನ ಹಣೆಬರಹ ನಿರ್ಧಾರ ಆಗುವುದು ಅಲ್ಲೇ. 24 ತಿಂಗಳು ದಾಟಿ ಮಾರಿದರೆ ದೀರ್ಘಾವಧಿ ಲಾಭ, ತೆರಿಗೆ ಶೇ. 12.5 ಮತ್ತು ಸೆಸ್. 2024ರ ಜುಲೈ 23ಕ್ಕಿಂತ ಮೊದಲು ಖರೀದಿ ಮಾಡಿದವರಿಗೆ ಬೆಲೆ ಏರಿಕೆ ಸೂಚ್ಯಂಕ ಹಾಕಿ ಶೇ. 20ರ ಲೆಕ್ಕದಲ್ಲಿ ಕಟ್ಟುವ ಆಯ್ಕೆ ಇದೆ, ಈಗ ತಗೊಳ್ಳುವ ನಿಮಗಿಲ್ಲ. ನೋಂದಣಿ ಖರ್ಚು ಖರೀದಿ ಬೆಲೆಗೆ ಸೇರುತ್ತದೆ, ಆ ರಸೀದಿ ಇಟ್ಟುಕೊಳ್ಳಿ. ಬಾಡಿಗೆಯಿಂದ ಒಮ್ಮೆ ಕಳೆದ ಬಡ್ಡಿಯನ್ನು ಮತ್ತೆ ಇಲ್ಲಿ ಖರೀದಿ ಬೆಲೆಗೆ ಸೇರಿಸುವಂತಿಲ್ಲ, ಮೊದಲು ಕೆಲವರು ಹಾಗೆ ಮಾಡುತ್ತಿದ್ದರು, 2023ರಲ್ಲಿ ಆ ದಾರಿ ಮುಚ್ಚಿದರು.

8 ವರ್ಷ ಇಟ್ಟು ಮಾರುತ್ತೀರಿ ಅಂದುಕೊಳ್ಳಿ. ಬಾಡಿಗೆ ವರ್ಷಕ್ಕೆ ಶೇ. 5 ಏರಿತು ಅಂತ ಧಾರಾಳವಾಗಿಯೇ ಹಿಡಿದೆ. ಆ ಹೊತ್ತಿಗೂ ನಿಮ್ಮ ಸಾಲ 29.7 ಲಕ್ಷ ಬಾಕಿ ಇರುತ್ತದೆ. ಫ್ಲ್ಯಾಟ್ 80 ಲಕ್ಷಕ್ಕೆ ಹೋದರೆ ತೆರಿಗೆ 3.1 ಲಕ್ಷ, ಕೈಗೆ 47 ಲಕ್ಷ. ಅಷ್ಟರಲ್ಲಿ ನೀವು ಹಾಕಿದ್ದು ಮೊದಲಿನ 18 ಲಕ್ಷ, ಕಂತಿನ ಕೊರತೆ 14.5 ಲಕ್ಷ, ಆಸ್ತಿ ತೆರಿಗೆ, ಬಣ್ಣ, ಖಾಲಿ ತಿಂಗಳು ಅಂತ 3 ಲಕ್ಷ. ವರ್ಷಕ್ಕೆ ಶೇ. 5ರ ಆಸುಪಾಸು ಬಂತು, ಎಫ್‌ಡಿ ಇದ್ದಹಾಗೆ, ಆದರೆ ಎಫ್‌ಡಿಯಲ್ಲಿ ಬಾಡಿಗೆದಾರನ ಫೋನ್ ಬರುವುದಿಲ್ಲ. 95 ಲಕ್ಷಕ್ಕೆ ಹೋದರೆ ಶೇ. 9ರ ಹತ್ತಿರ, ಚೆನ್ನಾಗಿದೆ. 65 ಲಕ್ಷಕ್ಕೆ ನಿಂತರೆ ಹಾಕಿದ್ದೂ ಪೂರ್ತಿ ವಾಪಸ್ ಬರುವುದಿಲ್ಲ. ಈ ಮೂರು ಬೆಲೆಯೂ ಊಹೆ. ಆದರೆ ಗಮನಿಸಿ, ಲಾಭ-ನಷ್ಟ ಇಡೀ ಮಾರುವ ಬೆಲೆಯ ಮೇಲೆ ನಿಂತಿದೆ, ತೆರಿಗೆ ಇಲ್ಲಿ ಒಂದರಿಂದ ಐದು ಲಕ್ಷದ ಮಾತು ಅಷ್ಟೇ. ಅದನ್ನೂ ಇನ್ನೊಂದು ಮನೆ ತಗೊಂಡು ಉಳಿಸಿಕೊಳ್ಳಬಹುದು, ಮಾರಿದ 2 ವರ್ಷದೊಳಗೆ ಖರೀದಿ ಅಥವಾ 3 ವರ್ಷದೊಳಗೆ ಕಟ್ಟಿಸಬೇಕು.

ಉಣಕಲ್, ವಿದ್ಯಾನಗರ, ಭೈರಿದೇವರಕೊಪ್ಪದ ಕಡೆ ಬಾಡಿಗೆಗೆ ಜನ ಸಿಗುತ್ತಾರೆ, ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನ ರಸ್ತೆ, ಕಾಲೇಜು, ಆಸ್ಪತ್ರೆ ಎಲ್ಲ ಹತ್ತಿರ, ಅದರಲ್ಲಿ ಅನುಮಾನ ಇಲ್ಲ. ಬೆಲೆ ಏರುತ್ತದೆ ಅಂತ ನಿಮಗೆ ಗಟ್ಟಿ ನಂಬಿಕೆ ಇದ್ದರೆ, ಅಥವಾ ಮುಂದೆ ಮಕ್ಕಳು ಹುಬ್ಬಳ್ಳಿಯಲ್ಲಿ ಓದುತ್ತಾರೆ, ನಾವೇ ಅಲ್ಲಿಗೆ ಹೋಗುತ್ತೇವೆ ಅಂತಿದ್ದರೆ ತಗೊಳ್ಳಿ. ಇರುವ ಎರಡು ಮನೆಯನ್ನೂ ಸ್ವಂತಕ್ಕೆ ಇಟ್ಟುಕೊಂಡರೆ ಎರಡಕ್ಕೂ ಬಾಡಿಗೆ ಲೆಕ್ಕ ಹಿಡಿಯುವುದಿಲ್ಲ. ಆದರೆ ಸಾಲ 38 ಬೇಡ, ಎರಡು ವರ್ಷ ಕೂಡಿಟ್ಟು ಸಾಲ ಇಳಿಸಿ, ಅಥವಾ ಚಿಕ್ಕದು ನೋಡಿ.

ಈಗ ಮನೆಯವರ ಮಾತು. ನನಗೆ ಅವರ ಲೆಕ್ಕವೇ ಸರಿ ಕಾಣುತ್ತದೆ. 17 ಲಕ್ಷಕ್ಕೆ 96 ಸಾವಿರ ಬಾಡಿಗೆ ಅಂದರೆ ಶೇ. 5.6, ಫ್ಲ್ಯಾಟಿಗಿಂತ ಎಷ್ಟೋ ಮೇಲು, ಜಾಗ ಆಗಲೇ ನಿಮ್ಮದಾಗಿರುವುದರಿಂದ. ನೋಂದಣಿ ಖರ್ಚು ಇಲ್ಲ. 9 ಲಕ್ಷ ಕೈಯಿಂದ ಹಾಕಿ, 8 ಲಕ್ಷ ಹತ್ತು ವರ್ಷಕ್ಕೆ ಸಾಲ ಮಾಡಿ. ಅದೇ ಶೇ. 8.5ಕ್ಕೆ ಸಿಕ್ಕರೆ ಕಂತು 9,900, ಬಾಡಿಗೆ 8 ಸಾವಿರ, ತಿಂಗಳಿಗೆ 2 ಸಾವಿರದಷ್ಟೇ ಕೊರತೆ. ತೆರಿಗೆಯಲ್ಲೂ ನೋಡಿ: ಮೇಲಿನ ಮನೆಯ ಪಾಲಿನ ಆಸ್ತಿ ತೆರಿಗೆ 2 ಸಾವಿರ ಕಳೆದು, ಶೇ. 30 ಕಳೆದು ಉಳಿಯುವುದು 65,800. ಮೊದಲ ವರ್ಷದ ಬಡ್ಡಿ 66 ಸಾವಿರ. ಹೆಚ್ಚುಕಡಿಮೆ ಸಮ, ಬಡ್ಡಿಯ ಒಂದು ರೂಪಾಯಿಯೂ ದಂಡ ಆಗುವುದಿಲ್ಲ. ಕೆಳಗೆ ನೀವಿದ್ದು ಮೇಲೆ ಬಾಡಿಗೆ ಕೊಟ್ಟರೆ ಎರಡನ್ನೂ ಬೇರೆ ಬೇರೆ ಮನೆ ಅಂತ ಲೆಕ್ಕ ಹಾಕಬಹುದು. ಕಟ್ಟುವಾಗ ಬೀಳುವ ಬಡ್ಡಿಯಲ್ಲಿ ಕಟ್ಟಡ ಮುಗಿದ ಹಣಕಾಸು ವರ್ಷಕ್ಕಿಂತ ಹಿಂದಿನ ಪಾಲಿದ್ದರೆ ಅದನ್ನು 5 ಕಂತಾಗಿ ಕಳೆಯಬೇಕು. ಮತ್ತೆ ನಿಮ್ಮ ಕೈಯಲ್ಲಿ 9 ಲಕ್ಷ ಉಳಿದಿರುತ್ತದೆ.

ಇದರಲ್ಲೂ ತೊಂದರೆ ಇಲ್ಲದಿಲ್ಲ. ಮೇಲಿನ ಮನೆಯನ್ನು ಅದೊಂದನ್ನೇ ಮಾರುವುದು ಕಷ್ಟ, ದುಡ್ಡಿಗೆ ತುರ್ತು ಬಂದರೆ ಸಿಕ್ಕಿಹಾಕಿಕೊಂಡಂತೆ. ಗದಗಿನ ಬಾಡಿಗೆ ಹುಬ್ಬಳ್ಳಿಯಷ್ಟು ಬೇಗ ಏರುವುದಿಲ್ಲ ಅನ್ನೋದು ನನ್ನ ಅನಿಸಿಕೆ. ಬಾಡಿಗೆದಾರ ತಲೆ ಮೇಲೇ ಇರುತ್ತಾನೆ, ನೀರಿನ ಟ್ಯಾಂಕಿನ ಜಗಳ ನಿಮ್ಮ ಬಾಗಿಲಿಗೇ ಬರುತ್ತದೆ. ಎಲ್ಲಕ್ಕಿಂತ ಮೊದಲು ಪಾಯ. ನಮ್ಮ ಎರೆಮಣ್ಣಿನ ಜಾಗದಲ್ಲಿ ಒಂದೇ ಅಂತಸ್ತಿಗೆ ಅಂತ ಹಾಕಿದ ಪಾಯದ ಮೇಲೆ ಇನ್ನೊಂದು ಏರಿಸುವಾಗ ಗೌಂಡಿಯ ಮಾತು ಸಾಲದು, ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿ. ಅವರು ಕಂಬ ಹಾಕಬೇಕು ಅಂದರೆ 17 ಲಕ್ಷ 21 ಆಗಬಹುದು, ಆಗ ಈ ಶೇ. 5.6 ಶೇ. 4.6ಕ್ಕೆ ಇಳಿಯುತ್ತದೆ, ಆಗಲೂ ಫ್ಲ್ಯಾಟಿಗಿಂತ ಮೇಲೇ.

ಧಾರವಾಡದ ಸಪ್ತಾಪುರದ ಕಡೆ ಕೋಚಿಂಗ್ ಹುಡುಗರಿಗೆ ರೂಮ್ ಕಟ್ಟಿಸುವ ಯೋಚನೆಯೂ ಬಹಳ ಜನರಿಗಿರುತ್ತದೆ, ನೀವು ಕೇಳಿಲ್ಲವಾದ್ದರಿಂದ ಸಣ್ಣದಾಗಿ ಹೇಳುತ್ತೇನೆ. ಬರೀ ರೂಮ್ ಬಾಡಿಗೆಗೆ ಕೊಟ್ಟರೆ ಮೇಲಿನ ಲೆಕ್ಕವೇ. ಊಟ, ಸ್ವಚ್ಛತೆ ಎಲ್ಲ ಸೇರಿಸಿ ಪಿಜಿ ನಡೆಸಿದರೆ ಅದು ವ್ಯಾಪಾರದ ಆದಾಯ ಆಗುವ ಸಾಧ್ಯತೆ ಜಾಸ್ತಿ. ಆಗ ಖರ್ಚುಗಳನ್ನೆಲ್ಲ ಕಳೆಯಬಹುದು, ಆದರೆ ಶೇ. 30 ಇಲ್ಲ, ವರ್ಷ ವರ್ಷ ತೆರಿಗೆ ಪದ್ಧತಿ ಬದಲಿಸುವ ಸ್ವಾತಂತ್ರ್ಯವೂ ಹೋಗುತ್ತದೆ. ಪಾಠ ಮಾಡಿಕೊಂಡು ಅದನ್ನೆಲ್ಲ ನಡೆಸುವುದು ನಿಮ್ಮಿಂದ ಆಗುತ್ತಾ ಅನ್ನೋದು ಬೇರೆ ಪ್ರಶ್ನೆ.

ಒಂದು ಸೂಚನೆ: 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಕಲಮುಗಳ ನಂಬರ್ ಬದಲಾಗುತ್ತವೆ, 80ಸಿ ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೂ ಸೇರಿ. ಬಾಡಿಗೆಯ ಮೂಲ ಲೆಕ್ಕ, ಅಂದರೆ ಆಸ್ತಿ ತೆರಿಗೆ, ಶೇ. 30, ಬಡ್ಡಿ, ಇದು ಹಾಗೇ ಇದೆ.

ಮೇಲೆ ಕಟ್ಟಿಸುವುದು ಅಂತ ತೀರ್ಮಾನ ಆದರೆ ಮೊದಲು ಎಂಜಿನಿಯರ್ ವರದಿ, ಆಮೇಲೆ ಗದಗ-ಬೆಟಗೇರಿ ನಗರಸಭೆಯಿಂದ ಕಟ್ಟಡ ಪರವಾನಗಿ, ಆಮೇಲೆ ಬ್ಯಾಂಕು. ಪರವಾನಗಿ ಇಲ್ಲದೆ ಮನೆ ಸಾಲ ಸಿಗುವುದು ಕಷ್ಟ, ಮತ್ತು ವೈಯಕ್ತಿಕ ಸಾಲ ಮಾಡಿ ಕಟ್ಟಿದರೆ ಬಡ್ಡಿ ಜಾಸ್ತಿ. ಬಡ್ಡಿ ಕಡಿತ ಆಗಲೂ ಸಿಗುತ್ತದೆ, ಆದರೆ ದುಡ್ಡು ಸಿಮೆಂಟು-ಕಬ್ಬಿಣಕ್ಕೇ ಹೋಯಿತು ಅಂತ ಬಿಲ್ಲು ತೋರಿಸಬೇಕು. ಗೌಂಡಿಗೆ ಕೊಡುವುದನ್ನೂ ಬ್ಯಾಂಕ್ ಮೂಲಕವೇ ಕೊಡಿ, ವಾರದ ಪಗಾರ ನಗದು ಕೊಟ್ಟರೆ ಸಹಿ ಮಾಡಿಸಿದ ವಹಿ ಇಡಿ. ಹುಬ್ಬಳ್ಳಿ ಫ್ಲ್ಯಾಟಿನವರಿಗೆ ಇನ್ನೂ ಮುಂಗಡ ಕೊಟ್ಟಿಲ್ಲ ತಾನೇ? ಕೊಟ್ಟಿದ್ದರೆ ಕರಾರು ಪತ್ರದ ಪ್ರತಿ ಕಳಿಸಿ, ವಾಪಸ್ ಪಡೆಯಲು ಯಾವ ಷರತ್ತು ಹಾಕಿದ್ದಾರೆ ಅಂತ ನೋಡಿ ಹೇಳುತ್ತೇನೆ.